ಸ್ಪಷ್ಟನೆ: ಅಯಸ್ಕಾಂತಕ್ಕೆ ಅಂಟಿದ ಮಾತ್ರಕ್ಕೆ ಸ್ಮರಣಾರ್ಥ ನಾಣ್ಯ ನಕಲಿಯಲ್ಲ
“ಅಸಲಿ ನಾಣ್ಯ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅಂಟಿದರೆ ನಕಲಿ” ಎಂಬ ಸಂದೇಶ ಸಂಗ್ರಾಹಕರ ನಡುವೆ ಹರಿದಾಡುತ್ತಿದೆ. ಇದು ತಪ್ಪು.

ಚಲಾವಣೆಯಲ್ಲಿರುವ ಸ್ಮರಣಾರ್ಥ 2 ಯೂರೋ ನಾಣ್ಯವನ್ನೇ ನೋಡಿ. ಅದರ ಮಧ್ಯಭಾಗದಲ್ಲಿ ನಿಕಲ್-ಹಿತ್ತಾಳೆಯ ಎರಡು ಪದರಗಳ ನಡುವೆ ನಿಕಲ್ ಪದರವಿದೆ. ಹಾಗಾಗಿ ಮಧ್ಯಭಾಗವನ್ನು ಅಯಸ್ಕಾಂತ ಮೆಲ್ಲಗೆ ಸೆಳೆಯುತ್ತದೆ, ಹೊರಗಿನ ಬಳೆಯನ್ನು ಸೆಳೆಯುವುದಿಲ್ಲ. ಈ ನಾಣ್ಯ ಗಟ್ಟಿಯಾಗಿ ಕಚ್ಚಿಕೊಂಡರೂ ಅನುಮಾನಿಸಬೇಕು, ಒಂದಿಷ್ಟೂ ಮಿಸುಕದಿದ್ದರೂ ಅನುಮಾನಿಸಬೇಕು. ಆಮೇಲೆ ತೂಕ 8.5 ಗ್ರಾಂ, ವ್ಯಾಸ 25.75 ಮಿಲಿಮೀಟರ್ ಇದೆಯೇ ಅಳೆಯಿರಿ. ಅಂಚಿನ ಬರಹವನ್ನು ಭೂತಗನ್ನಡಿಯಲ್ಲಿ ಓದಿ.

ಕೆನಡಾದ 2004ರ ಕೆಂಪು ಗಸಗಸೆ (ಪಾಪಿ) ಹೂವಿನ ಚಿತ್ರವಿರುವ 25 ಸೆಂಟ್ ನಾಣ್ಯದ ಒಡಲು ಉಕ್ಕಿನದು, ಅದು ಅಂಟಲೇಬೇಕು.

ದಯವಿಟ್ಟು ಆ ತಪ್ಪು ಸಂದೇಶ ನಂಬಿ ಒಳ್ಳೆಯ ನಾಣ್ಯ ಕಳೆದುಕೊಳ್ಳಬೇಡಿ. ಉಜ್ಜಿ ತೊಳೆಯಲೂಬೇಡಿ, ಮೇಲ್ಮೈ ಸವೆದರೆ ಪರೀಕ್ಷೆ ಇನ್ನಷ್ಟು ಕಷ್ಟ.