ಚಾವಣಿ ಇರುವ ಊರಿಗೆ ಹವಾಮಾನ ವರದಿ

ಬೆಳಗ್ಗೆ 5 ಗಂಟೆ 40 ನಿಮಿಷಕ್ಕೆ ಫೋನು ಟಿಂಗ್ ಅಂದಿತು. ಆ ಹೊತ್ತಿಗೆ ಫೋನು ಸದ್ದು ಮಾಡಿದರೆ ಎರಡೇ ಕಾರಣ. ಒಂದೋ ನೆಂಟರಲ್ಲಿ ಯಾರೋ ಹೋಗಿಬಿಟ್ಟಿದ್ದಾರೆ, ಇಲ್ಲಾ ನಮ್ಮ ಮೋಡಣ್ಣ ಎದ್ದಿದ್ದಾನೆ. ಎದೆ ಹಿಡಿದುಕೊಂಡು ಕನ್ನಡಕ ತಡಕಿ ನೋಡಿದೆ. ಮೋಡಣ್ಣನೇ. "ಕಾರ್ಡಿಫ್. ಶನಿವಾರ ಮಳೆ 60 ಪರ್ಸೆಂಟ್. ಗಾಳಿ ಜೋರು." ಕೆಳಗೆ ಮೂರು ಕೊಡೆ ಚಿತ್ರ.

ನಾನಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಮೋಡಣ್ಣ ಇರುವುದು ಎರಡು ಬೀದಿ ಆಚೆ. ಕಾರ್ಡಿಫ್ ಇರುವುದು ವೇಲ್ಸ್ ದೇಶದಲ್ಲಿ. ಇಬ್ಬರಿಗೂ ಪಾಸ್‌ಪೋರ್ಟ್ ಇಲ್ಲ. ನಮ್ಮೂರಿನಲ್ಲಿ ಶಿವರಾತ್ರಿ ಮುಗಿದು, ಚಳಿ ಶಿವಶಿವ ಅಂತ ಓಡಿಹೋಗಿ, ಒಂಬತ್ತು ಗಂಟೆಗೇ ಪಿ.ಬಿ. ರಸ್ತೆಯ ಬಿಸಿಲು ತಲೆ ಸುಡೋಕೆ ಶುರುವಾಗಿದೆ. ಮಳೆ ಅನ್ನುವ ಮಾತಿಗೇ ಇನ್ನೂ ಮೂರು ತಿಂಗಳು ಇದೆ. ಆದರೂ ಈ ಮನುಷ್ಯ ನನ್ನನ್ನು ಎಬ್ಬಿಸಿ ಕೊಡೆ ತೋರಿಸುತ್ತಾನೆ.

ಕಾರಣ ನಮ್ಮ ಸ್ಕಾಚ್. ಹೆಸರು ಕೇಳಿ ತಪ್ಪು ತಿಳಿಯಬೇಡಿ, ಅವನು ಕಾಫಿ ಬಿಟ್ಟು ಬೇರೇನೂ ಕುಡಿಯುವವನಲ್ಲ. ನಮ್ಮ ಹೈಸ್ಕೂಲ್ ಗೆಳೆಯ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಕೆಲಸಕ್ಕೆ ಸೇರಿ ವರ್ಷಗಳಾದವು, ಅದಕ್ಕೇ ಸ್ಕಾಚ್. ಮೊದಲೆರಡು ವರ್ಷ ಕ್ರಿಕೆಟ್ ಇಲ್ಲ ಅಂತ ಅಳುತ್ತಿದ್ದ. ಆಮೇಲೆ ಆಫೀಸಿನವರು ರಗ್ಬಿಗೆ ಕರೆದುಕೊಂಡು ಹೋದರು. ಈಗ ಫೆಬ್ರವರಿ, ಮಾರ್ಚ್ ಬಂತೆಂದರೆ ಸಿಕ್ಸ್ ನೇಷನ್ಸ್, ಅಂದರೆ ಆರು ದೇಶಗಳ ರಗ್ಬಿ ಪಂದ್ಯಾವಳಿ, ಅಂತ ಹುಚ್ಚನಾಗುತ್ತಾನೆ. ಸ್ಕಾಟ್ಲೆಂಡ್ ಸೋತರೆ ಎರಡು ದಿನ ಗ್ರೂಪಿನಲ್ಲಿ ಮಾತಿಲ್ಲ. ಎರಡು ದಿನ ಮಾತಾಡದ ವಾರಗಳೇ ಜಾಸ್ತಿ ಅನ್ನುವುದು ಬೇರೆ ಮಾತು.

ಊರಿಗೆ ಬಂದಾಗ ಒಂದು ಸಲ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಿಲ್ಲಿಸಿಕೊಂಡು ನಮಗೂ ಆಟ ಹೇಳಿಕೊಟ್ಟಿದ್ದ. ಚೆಂಡು ಗುಂಡಗಿಲ್ಲ, ಸುಲಿದ ತೆಂಗಿನಕಾಯಿ ಥರ. ಒಂದು ಕಡೆ ಹದಿನೈದು ಜನ, 80 ನಿಮಿಷ ಆಟ. ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದಿರುವವನಿಗೇ ಕೊಡಬೇಕು, ಆದರೆ ಎಲ್ಲರೂ ಮುಂದಕ್ಕೇ ಓಡಬೇಕು. "ನಮ್ಮ ತಾಲ್ಲೂಕು ಆಫೀಸಿನ ಫೈಲ್ ಇದ್ದಂಗೆ" ಅಂದರು ಲೆಕ್ಕದ ಮೇಷ್ಟ್ರು. ಅವರೂ ನಮ್ಮ ಕ್ಲಾಸಿನವರೇ, ಮೇಷ್ಟ್ರಾದ ಮೇಲೆ ಬಹುವಚನ ಅಂಟಿಕೊಂಡಿದೆ. ಇಂಗ್ಲೆಂಡ್, ಸ್ಕಾಟ್ಲೆಂಡ್ ನಡುವೆ ಒಂದು ಕಪ್ ಇದೆ, ಕಲ್ಕತ್ತಾ ಕಪ್ ಅಂತ. ಕಲ್ಕತ್ತಾದಲ್ಲಿದ್ದ ಬಿಳಿಯರ ಕ್ಲಬ್ಬೊಂದು ಮುಚ್ಚಿಹೋದಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿ ತೆಗೆದು, ಕರಗಿಸಿ ಮಾಡಿಸಿದ್ದಂತೆ. 1879ರಿಂದ ಅದಕ್ಕಾಗಿ ಕಿತ್ತಾಡುತ್ತಿದ್ದಾರೆ. ಹಿಡಿಕೆ ನಾಗರಹಾವು, ಮುಚ್ಚಳದ ಮೇಲೆ ಆನೆ. "ಅಂದ್ರೆ ದುಡ್ಡು ನಮ್ದು" ಅಂದ ಮೋಡಣ್ಣ. ಅವತ್ತಿನಿಂದ ಸ್ಕಾಟ್ಲೆಂಡ್ ಕೂಡ ನಮ್ಮ ಟೀಮು.

ಈ ಶನಿವಾರ ಸ್ಕಾಚ್ ಸ್ಕಾಟ್ಲೆಂಡಿನ ಆಟ ನೋಡಲು ಎಡಿನ್‌ಬರೋದಿಂದ ಕಾರ್ಡಿಫ್‌ಗೆ ಹೊರಟಿದ್ದಾನೆ, ಆರುನೂರು ಕಿಲೋಮೀಟರಿಗೂ ಜಾಸ್ತಿ. ಪಾಪ, ಸುಮ್ನೆ ಮಾತಿಗೆ ಅಂತ ಗ್ರೂಪಿನಲ್ಲಿ "ಮಳೆ ಬರೋ ಹಂಗಿದೆ" ಅಂದ. ಹೊಲದ ಬದುವಿನಲ್ಲಿ ಬೀಡಿ ಎಸೆದ ಹಾಗಾಯಿತು.

ಮೋಡಣ್ಣನ ಬಗ್ಗೆ ಸ್ವಲ್ಪ ಹೇಳಬೇಕು. ಬಟ್ಟೆ ಅಂಗಡಿ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹವಾಮಾನ ನೋಡುತ್ತಾನೆ, ಅಂದರೆ ಹೆಚ್ಚುಕಮ್ಮಿ ದಿನವಿಡೀ. ಫೋನಿನಲ್ಲಿ ಐದು ಆಪ್ ಇವೆ. ಐದೂ ಬೇರೆ ಬೇರೆ ಹೇಳಿದರೆ ಅವನಿಗೆ ಹಬ್ಬ. ತಲೆ ಎತ್ತಿ ಆಕಾಶ ನೋಡಿದ್ದನ್ನು ಮಾತ್ರ ನಾನು ಕಂಡಿಲ್ಲ. ಹೋದ ಜೂನಿನಲ್ಲಿ ಮಿರ್ಚಿ ಕಟ್ಟಿಸಿಕೊಂಡು ನಿಂತಿದ್ದೆವು. ಹನಿ ಬಿದ್ದು ಪೊಟ್ಟಣದ ಪೇಪರ್ ಒದ್ದೆಯಾಗಿ ಮಿರ್ಚಿ ಕೆಳಗೆ ಬಿತ್ತು. ಇವನು ಫೋನು ನೋಡಿ, "ಇನ್ನೂ ಇಪ್ಪತ್ತು ನಿಮಿಷ ಇದೆ ಕಣ್ಲೇ" ಅಂದ.

ಇಂಥವನನ್ನು ನಂಬಿ ನಾವು ಒಂದು ಸಲ ಮ್ಯಾಚಿಗೆ ಹೋಗಿದ್ದೆವು. ಗಾಯ ಇನ್ನೂ ಹಸಿಯಾಗಿದೆ. ಇವತ್ತಿನ ಟಿಂಗ್ ಅದನ್ನೇ ಕೆರೆದದ್ದು.

ದಾವಣಗೆರೆಯವರಿಗೆ ದೊಡ್ಡ ಮ್ಯಾಚು ಅಂದರೆ ಎಲ್ಲವೂ ಪರಊರಿನದೇ. ಹೋಗಲು ರಾತ್ರಿ ಕೆಡಿಸಬೇಕು, ಬರಲು ಇನ್ನೊಂದು ರಾತ್ರಿ. ಅದಕ್ಕೇ ಮಳೆ ಲೆಕ್ಕ ನಮಗೆ ಮುಖ್ಯ. 2024ರ ಅಕ್ಟೋಬರ್ 16ಕ್ಕೆ ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್ ಮೇಲೆ ಟೆಸ್ಟ್. ಮೊದಲ ದಿನಕ್ಕೆ ನಾಲ್ಕು ಟಿಕೆಟ್ ತಗೊಂಡೆವು. ಮೊದಲ ದಿನವೇ ಯಾಕೆ ಅಂದರೆ, ಮೇಷ್ಟ್ರಿಗೆ ಟಾಸ್ ನೋಡಬೇಕಿತ್ತು.

ಹನ್ನೆರಡು ದಿನ ಮೊದಲೇ ಮೋಡಣ್ಣನ ವರದಿ ಶುರು. ದಿನಾ 5.40ಕ್ಕೆ. "40 ಪರ್ಸೆಂಟ್." ಮರುದಿನ 45. ಆಮೇಲೆ 38. ಮತ್ತೆ 40. ಬಿ.ಪಿ. ಇರುವವರ ಮನೆಯಲ್ಲಿ ಚೀಟಿ ಬರೆದಿಡುತ್ತಾರಲ್ಲ, ಹಾಗೆ. ತೊಂದರೆ ಏನೆಂದರೆ 40 ಪರ್ಸೆಂಟ್ ಮಳೆ ಅಂದರೆ ಏನು ಅನ್ನುವುದರಲ್ಲೇ ನಮಗೆ ಒಮ್ಮತ ಇರಲಿಲ್ಲ.

ಕಾರಿನವನು (ಕಾರು ಅವನದು, ಹಾಗಾಗಿ ಅವನ ಮಾತಿಗೆ ತೂಕ) ಹೇಳಿದ: "ಸ್ಟೇಡಿಯಂನಲ್ಲಿ 40 ಪರ್ಸೆಂಟ್ ಜಾಗಕ್ಕೆ ಮಳೆ. ನಮ್ದು ಆ ಕಡೆ ಸೀಟು, ಬಿಡು."

ನಾನು ಅಂದುಕೊಂಡಿದ್ದು ದಿನದಲ್ಲಿ 40 ಪರ್ಸೆಂಟ್ ಹೊತ್ತು. ಊಟದ ವಿರಾಮ, ಟೀ ವಿರಾಮ ಕಳೆದರೆ ಅಷ್ಟೇನೂ ನಷ್ಟವಿಲ್ಲ ಅಂತ ಲೆಕ್ಕವನ್ನೂ ಹಾಕಿದ್ದೆ.

ಮೇಷ್ಟ್ರು ಬೋರ್ಡ್ ಮುಂದೆ ನಿಂತವರ ಹಾಗೆ ಗಂಟಲು ಸರಿಮಾಡಿಕೊಂಡರು. "ಇಂಥವೇ ಹತ್ತು ದಿನ ಇದ್ರೆ, ಅದರಲ್ಲಿ ನಾಲ್ಕು ದಿನ ಮಳೆ ಬರುತ್ತೆ ಅಂತ ಅರ್ಥ."

"ನಮ್ದು ಆ ನಾಲ್ಕರಲ್ಲಿ ಒಂದಾ, ಆರರಲ್ಲಿ ಒಂದಾ?" ಕಾರಿನವನು ಕೇಳಿದ.

"ಅದು ಹೋದಮೇಲೆ ಗೊತ್ತಾಗುತ್ತೆ."

"ಹೋದಮೇಲೆ ಗೊತ್ತಾಗೋದಾದ್ರೆ ಮೇಷ್ಟ್ರು ಯಾಕ್ಲೇ ಬೇಕು?"

ಇದನ್ನೆಲ್ಲ ಒಳಗಿನಿಂದ ಕೇಳಿಸಿಕೊಂಡ ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಲೇ, "ಎಸ್ಸೆಸ್ಸೆಲ್ಸಿಯಲ್ಲಿ 35ಕ್ಕೇ ಪಾಸು. 40 ಬಂದಿದೆ ಅಂದ್ಮೇಲೆ ಮಳೆ ಪಾಸಾಗಿದೆ. ಮನೇಲಿರಿ" ಅಂದಳು. ಇಡೀ ಚರ್ಚೆಯಲ್ಲಿ ಬುದ್ಧಿಯ ಮಾತು ಅದೊಂದೇ. ಹಾಗಾಗಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಮಾವನವರೂ ಬಂದಿದ್ದರು. ಅವರಿಗೆ ಪರ್ಸೆಂಟು ಗಿರ್ಸೆಂಟು ಇಲ್ಲ. "ಚಿತ್ತಿ ಮಳೆ ನಡೀತಾ ಐತೆ. ಅದು ಕುರುಡು ಮಳೆ. ಎಲ್ಲಿ ಬೀಳ್ತೀನಿ ಅಂತ ಅದಕ್ಕೇ ಗೊತ್ತಿರಲ್ಲ, ನಿನ್ನ ಫೋನಿಗೆ ಹೆಂಗ್ ಗೊತ್ತಾದೀತು?" ಅಂದರು. ಅವರ ಚಿಂತೆಯೇ ಬೇರೆ. ಕಣದಲ್ಲಿ ಮೆಕ್ಕೆಜೋಳ ಹರವಿತ್ತು.

ಹೊರಡುವ ಹಿಂದಿನ ಸಂಜೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಅಂತ ಟಿವಿಯವರು ಕೂಗುತ್ತಿದ್ದರು. ಟಿಕೆಟ್ ದುಡ್ಡು ಹೋದರೆ ಹೋಗಲಿ, ಮಲಗೋಣ ಅಂತ ಮೂವರೂ ತೀರ್ಮಾನಿಸಿದೆವು. ರಾತ್ರಿ ಹತ್ತಕ್ಕೆ ಮೋಡಣ್ಣನ ಫೋನು. ಹನ್ನೆರಡು ದಿನ ಹೆದರಿಸಿದ ಅದೇ ಬಾಯಲ್ಲಿ, "ಐದನೇ ಆಪ್ ಸೂರ್ಯ ತೋರಿಸ್ತಿದೆ. ಹೊರಡ್ರಿ" ಅಂದ. ನಾಲ್ಕು ಆಪ್ ಮಳೆ ಅನ್ನುತ್ತಿದ್ದವು. ಐದನೆಯದು ಅವನು ಅವತ್ತೇ ಹಾಕಿಕೊಂಡಿದ್ದು.

ರಾತ್ರಿ ಒಂದಕ್ಕೆ ಹೊರಟೆವು. ಮೋಡಣ್ಣ ಮುಂದಿನ ಸೀಟಿನಲ್ಲಿ. ಚಿತ್ರದುರ್ಗ ದಾಟಿ ಹತ್ತು ನಿಮಿಷವಾದ ಮೇಲೆ, "ಚಿತ್ರದುರ್ಗದಲ್ಲಿ ಮಳೆ ಇಲ್ಲ" ಅಂತ ಘೋಷಿಸಿದ. ಹಿರಿಯೂರಿನಲ್ಲಿ ಗಾಜಿನ ಮೇಲೆ ನಾಲ್ಕು ಹನಿ ಬಿದ್ದವು. ಕಾರಿನವನು ವೈಪರ್ ಹಾಕಿದ. "ಇದು ಹಿರಿಯೂರಿನ ಮಳೆ, ಬೆಂಗಳೂರಿಂದಲ್ಲ" ಅಂದ ಮೋಡಣ್ಣ. ಹಿರಿಯೂರು ಎಂಥ ಊರು ಹೇಳಿ. 1933ರಲ್ಲಿ ಕೋಡಿ ಬಿದ್ದ ಅಲ್ಲಿನ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಅಂಥ ಸೀಮೆಯಲ್ಲೇ ವೈಪರ್ ಬೇಕಾಯಿತು ಅಂದರೆ ಅಲ್ಲೇ ಗಾಡಿ ತಿರುಗಿಸಬೇಕಿತ್ತು. ಶಿರಾದಲ್ಲಿ ಮಳೆ ಜೋರಾಯಿತು. "ಇದು ಶಿರಾದ್ದು." ತುಮಕೂರಿನಲ್ಲಿ ಮುಂದಿನ ಲಾರಿಯೇ ಕಾಣಲಿಲ್ಲ. "ಇದು ತುಮಕೂರಿಂದು." ನೆಲಮಂಗಲಕ್ಕೆ ಬಂದಾಗ ಮೂವರೂ ಅವನ ಮುಖ ನೋಡಿದೆವು. ಅವನು ಫೋನನ್ನು ಜೇಬಿಗೆ ಹಾಕಿಕೊಂಡು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದ.

ಚಿನ್ನಸ್ವಾಮಿಯಲ್ಲಿ 2017ರಲ್ಲೇ ನೆಲದಡಿ ಪೈಪು ಹಾಕಿ ನೀರು ಹೀರುವ ಯಂತ್ರ ಕೂಡಿಸಿದ್ದಾರೆ. ಮಳೆ ನಿಂತರೆ ಸಾಕು, ಸ್ವಲ್ಪ ಹೊತ್ತಿನಲ್ಲೇ ಮೈದಾನ ರೆಡಿ. ನಿಲ್ಲಬೇಕಲ್ಲ? ನಾವು ನಾಲ್ವರು ಸ್ಕೂಟರ್ ರೇನ್‌ಕೋಟ್ ಹಾಕಿಕೊಂಡು, ಗೋಣಿಚೀಲದ ಕೊಪ್ಪೆ ಹೊದ್ದ ದನ ಕಾಯುವವರ ಹಾಗೆ ಕೂತೆವು. ನೋಡಿದ್ದು ಹೊದಿಕೆ. ಹೊದಿಕೆಯ ಮೇಲೆ ನಿಂತ ನೀರು. ಆ ನೀರನ್ನು ಎಳೆದು ಹಾಕುವವರು. ಅವರು ಎಳೆದ ಮೇಲೆ ಮತ್ತೆ ನಿಂತ ನೀರು. ಮಳೆ ಸಣ್ಣದಾದರೆ ಜನ ಹೋ ಅನ್ನುವರು, ಜೋರಾದರೆ ಅಯ್ಯೋ ಅನ್ನುವರು. ಅದೇ ನಮಗೆ ಸಿಕ್ಸರ್, ಅದೇ ವಿಕೆಟ್. ಮಧ್ಯಾಹ್ನ ಎರಡೂವರೆ ಸುಮಾರಿಗೆ ಇವತ್ತು ಆಟ ಇಲ್ಲ ಅಂದರು. ಟಾಸ್ ಕೂಡ ಆಗಲಿಲ್ಲ. ಮೇಷ್ಟ್ರು ಜೇಬಿನಿಂದ ಐದು ರೂಪಾಯಿ ತೆಗೆದು ತಾವೇ ಹಾರಿಸಿ ಹಿಡಿದು, ಏನು ಬಿತ್ತು ಅಂತ ನೋಡದೆ ಒಳಗಿಟ್ಟುಕೊಂಡರು.

ಮರುದಿನ ಆಟ ನಡೆಯಿತು. ನಾವು ಮನೆಯಲ್ಲಿ ಕೆಮ್ಮುತ್ತಾ ಟಿವಿ ಮುಂದೆ. ಟಾಸ್ ಗೆದ್ದು ಬ್ಯಾಟಿಂಗ್ ತಗೊಂಡ ಭಾರತ 46ಕ್ಕೆ ಆಲೌಟ್. ಐದು ಜನ ಸೊನ್ನೆ. ತವರಿನಲ್ಲಿ ಅದಕ್ಕಿಂತ ಕಡಿಮೆಗೆ ನಾವು ಯಾವತ್ತೂ ಔಟಾಗಿರಲಿಲ್ಲ. ಮೋಡಣ್ಣನ ಮೆಸೇಜು ಬಂತು: "ನೋಡಿದ್ರಾ, ಮಳೆ ನಿಮ್ಮನ್ನ ಕಾಪಾಡ್ತು." ಕೊನೆಗೆ ನ್ಯೂಜಿಲೆಂಡ್ ಎಂಟು ವಿಕೆಟ್‌ನಿಂದ ಗೆದ್ದಿತು. 1988ರ ನಂತರ ಭಾರತದಲ್ಲಿ ಅವರಿಗೆ ಮೊದಲ ಟೆಸ್ಟ್ ಗೆಲುವು. ಅದಕ್ಕೂ ತಾನು ಹೇಳಿದ ಮಳೆಯೇ ಕಾರಣ ಅಂತ ಅವನು ಇವತ್ತಿಗೂ ನಂಬಿದ್ದಾನೆ.

ಆಗ ಸ್ಕಾಚ್ ಸಮಾಧಾನ ಹೇಳಿದ್ದ. 2012ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್ ಮತ್ತು ಐರ್ಲೆಂಡ್ ಆಟವಂತೆ. ಐರ್ಲೆಂಡಿನವರು ಸಮುದ್ರ ದಾಟಿ ಬಂದು, ಸೀಟಿನಲ್ಲಿ ಕೂತು, ಇನ್ನೇನು ಶುರು ಅನ್ನುವಾಗ ನೆಲ ಹೆಪ್ಪುಗಟ್ಟಿದೆ ಅಂತ ಆಟವನ್ನೇ ರದ್ದು ಮಾಡಿದರಂತೆ. ಮಾರ್ಚಿನಲ್ಲಿ ಮತ್ತೆ ಆಡಿಸಿದರೆ 17-17 ಸಮ. ಕೇಳಿ ನನಗೆ ಆ ಐರ್ಲೆಂಡಿನವರ ಮೇಲೆ ಒಡಹುಟ್ಟಿದವರ ಮೇಲಿನಷ್ಟು ಪ್ರೀತಿ ಬಂತು. ಅವರಲ್ಲೂ ಒಬ್ಬ ಮೋಡಣ್ಣ ಇದ್ದಿರಲೇಬೇಕು. ಎಡಿನ್‌ಬರೋದವರು ಜಾಣರು. ಅವರ ಮರೀಫೀಲ್ಡ್ ಮೈದಾನದ ನೆಲದಡಿ 1959ರಲ್ಲೇ ಕರೆಂಟಿನ ಕಂಬಳಿ ಹಾಸಿದ್ದರಂತೆ, ಹುಲ್ಲಿಗೆ ಚಳಿಯಾಗಬಾರದು ಅಂತ.

ಮಳೆಗೆ ರಗ್ಬಿ ನಿಲ್ಲುವುದಿಲ್ಲ. ಕೆಸರಲ್ಲೇ ಬಿದ್ದು ಹೊರಳಾಡುತ್ತಾರೆ. ಅಲ್ಲಿ ಮಳೆಯ ಮಾತೆಲ್ಲ ನೋಡಲು ಹೋಗುವವರದ್ದು. ಯಾವ ಜಾಕೆಟ್, ಯಾವ ಬೂಟು, ಕಿಲ್ಟ್ ಉಡೋದಾ ಬೇಡ್ವಾ. ಸ್ಕಾಟ್ಲೆಂಡಿನ ಗಂಡಸರು ಪರಊರಿನ ಮ್ಯಾಚಿಗೆ ಕಿಲ್ಟ್, ಅಂದರೆ ಮೊಣಕಾಲುದ್ದದ ಲಂಗದಂಥದ್ದು, ಉಟ್ಟು ಹೋಗುತ್ತಾರಲ್ಲ. ನಮ್ಮ ಸ್ಕಾಚ್ ಕೂಡ ಒಂದು ಕೊಂಡಿದ್ದಾನೆ. ಅದು ತಿಳಿದಿದ್ದೇ ಮೋಡಣ್ಣ ಮಳೆ ಬಿಟ್ಟು ಗಾಳಿಯ ಹಿಂದೆ ಬಿದ್ದ. "ಗಂಟೆಗೆ 45 ಕಿಲೋಮೀಟರ್. ಪಿನ್ ಹಾಕ್ಕೋ."

ಇವತ್ತು ಬೆಳಗ್ಗೆ ಬೈಯಲೇಬೇಕು ಅಂತ ಹಲ್ಲುಜ್ಜಿ ಹೊರಟೆ. ದಾರಿಯಲ್ಲಿ ಸ್ಕಾಚ್‌ನ ಅಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದರು. ಪಕ್ಕದಲ್ಲಿ ಮೆಟ್ಟಿಲ ಮೇಲೆ ಫೋನು. ಪರದೆಯ ಮೇಲೆ ಮೋಡ, ಮೂರು ಗೆರೆ ಮಳೆ, 7 ಡಿಗ್ರಿ.

"ಇದನ್ನ ಯಾರಮ್ಮ ಹಾಕಿಕೊಟ್ಟಿದ್ದು?"

"ಮೋಡಣ್ಣ ಕಣಪ್ಪ. ಎರಡು ವರ್ಷ ಆಯ್ತು. ನನ್ ಮಗ ಫೋನ್ ಮಾಡಿದ್ರೆ ಏನು ಮಾತಾಡ್ಬೇಕು ಹೇಳು? ಅವನ ಕೆಲಸ ನಂಗೆ ತಿಳಿಯಲ್ಲ. ಇಲ್ಲಿ ಯಾರ ಸುದ್ದಿ ಹೇಳಿದ್ರೂ ಅವನಿಗೆ ಮರ್ತು ಹೋಗೈತೆ. 'ಅಲ್ಲಿ ಮಳೆ ಬಂತಂತೆ' ಅಂದ್ರೆ, 'ಹೌದವ್ವ, ನಿಂಗೆ ಹೆಂಗೆ ಗೊತ್ತಾಯ್ತು' ಅಂತಾನೆ. ಆಮೇಲೆ ಒಂದೈದು ನಿಮಿಷ ಮಾತಾಡ್ತಾನೆ."

ರಂಗೋಲಿ ಪುಡಿಯ ಕೈ ಸೆರಗಿಗೆ ಒರೆಸಿಕೊಂಡು ಪರದೆಯನ್ನು ಪಕ್ಕಕ್ಕೆ ಸರಿಸಿದರು. ಎಡಿನ್‌ಬರೋ ಹೋಗಿ ಕಾರ್ಡಿಫ್ ಬಂತು. "ಇದು ಶನಿವಾರಕ್ಕೆ. ಅಲ್ಲಿ ಕೊಡೆ ಸಿಗ್ತಾವಂತಾ?"

ಸಿಗ್ತಾವಮ್ಮ ಅಂದೆ. ಬೈಯುವ ಹುರುಪು ಅರ್ಧ ಇಳಿಯಿತು. ಅರ್ಧ ಉಳಿದಿತ್ತು. ಬೆಳಗಿನ 5.40 ಅಂದರೆ 5.40.

ಅಷ್ಟರಲ್ಲಿ ಗ್ರೂಪಿನಲ್ಲಿ ಮತ್ತೆ ಟಿಂಗ್. ಸ್ಕಾಚ್‌ಗೆ ಅಲ್ಲಿ ನಡುರಾತ್ರಿ, ನಿದ್ದೆ ಬಂದಿರಲಿಲ್ಲವೇನೋ. "ಲೇ, ಕಾರ್ಡಿಫ್ ಸ್ಟೇಡಿಯಂಗೆ ಚಾವಣಿ ಇದೆ. 1999ರಲ್ಲಿ ಕಟ್ಟಿದ್ದು. ಎಳೆದು ಮುಚ್ಚಬಹುದು. ಹನಿ ಬೀಳಲ್ಲ. ಮಲಗ್ರೋ" ಅಂತ ಬರೆದಿದ್ದ.

ಎರಡು ವಾರ! ಎರಡು ವಾರದ ವರದಿ, ಐದು ಆಪ್, ಮೂರು ಮೂರು ಕೊಡೆ, ಚಾವಣಿ ಇರುವ ಮೈದಾನಕ್ಕೆ. ನಾನು ನಡುಬೀದಿಯಲ್ಲೇ ನಿಂತು, ಈಗ ಸಿಕ್ಕ ನನ್ಮಗ ಅಂತ ಕಾದೆ. ಮೋಡಣ್ಣ ಟೈಪ್ ಮಾಡುತ್ತಿದ್ದಾನೆ ಅಂತ ತೋರಿಸಿತು. ನಿಂತಿತು. ಮತ್ತೆ ಟೈಪ್.

"2017ರಲ್ಲಿ ಇಂಗ್ಲೆಂಡಿನವರು ಒಪ್ಪಲಿಲ್ಲ ಅಂತ ತೆಗೆದೇ ಆಡಿದ್ರಂತಲ್ಲ?"

ಇದನ್ನು ಎಲ್ಲಿ ಓದಿಕೊಂಡನೋ. ಚಾವಣಿ ಇದೆ ಅಂತ ಅವನಿಗೆ ಮೊದಲೇ ಗೊತ್ತಿತ್ತು!

"ಈ ಸಲ ಮುಚ್ಚಿದ್ರೂ ಮುಚ್ಚಬಹುದು ಕಣೋ" ಅಂತ ಸ್ಕಾಚ್.

"ಸರಿ. ಆದ್ರೆ ರೈಲ್ವೆ ಸ್ಟೇಷನ್ನಿಂದ ಸ್ಟೇಡಿಯಂವರೆಗೆ ನಡೀಬೇಕಲ್ಲ?"

"ಐದು ನಿಮಿಷ."

"ಆ ಐದು ನಿಮಿಷದ್ದೇ ನೋಡ್ತಾ ಇದೀನಿ. ಇರು."