ಬಳ್ಳಾರಿಗೂ ಸೆಪ್ಟೆಂಬರ್ 17ಕ್ಕೇ ಸ್ವಾತಂತ್ರ್ಯ ಬಂತಾ?

ಸೆಪ್ಟೆಂಬರ್ ಬಂತೆಂದರೆ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫಾರ್ವರ್ಡ್ ಸುತ್ತುತ್ತದೆ: 'ಬಳ್ಳಾರಿ, ರಾಯಚೂರು, ಕೊಪ್ಪಳ ಮೂರಕ್ಕೂ ಸ್ವಾತಂತ್ರ್ಯ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ಕ್ಕೆ.' ರಾಯಚೂರು, ಕೊಪ್ಪಳದ ಮಟ್ಟಿಗೆ ಇದು ನಿಜ. ಎಡವಿದ್ದು ಬಳ್ಳಾರಿಯಲ್ಲಿ.

ರಾಯಚೂರು, ಕೊಪ್ಪಳ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1948 ಎಂಥ ವರ್ಷ ನೋಡಿ. ಜನವರಿ 30ರಂದು ಗಾಂಧೀಜಿ ಹತ್ಯೆ. ಆಗಸ್ಟ್ 12ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನನ್ನೇ 4-0ಯಿಂದ ಸೋಲಿಸಿ ಭಾರತ ಹಾಕಿ ಚಿನ್ನ ಗೆದ್ದಿತು. ಆಗಲೂ ರಾಯಚೂರು ನಿಜಾಮರ ಕೈಯಲ್ಲೇ ಇತ್ತು! ನಿಜಾಮರ ಪರ ಶಸ್ತ್ರ ಹಿಡಿದಿದ್ದ ರಜಾಕಾರರ ಹಾವಳಿ ಜಾಸ್ತಿಯಾಗಿತ್ತು. ಕೊಪ್ಪಳ ಕಡೆಯ ಹೋರಾಟಗಾರರು ಗಡಿಯಾಚೆ ಮುಂಡರಗಿಯಲ್ಲಿ ಶಿಬಿರ ಹೂಡಿದ್ದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನದೊಳಗೆ ನುಗ್ಗಿತು. ಐದೇ ದಿನ. 17ರಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಸೋಲೊಪ್ಪಿದರು.

ಬಳ್ಳಾರಿಯ ಕತೆಯೇ ಬೇರೆ. ಅದನ್ನು ಆಗಿನ ನಿಜಾಮರು 1800ರಲ್ಲೇ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. ಹಾಗಾಗಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. (ಸಂಡೂರು ಮಾತ್ರ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ.) ಬಳ್ಳಾರಿಯಲ್ಲಿ ಬ್ರಿಟಿಷರ ಆಳ್ವಿಕೆ ಮುಗಿದದ್ದು 1947ರ ಆಗಸ್ಟ್ 15ಕ್ಕೇ. ತುಂಗಭದ್ರೆಯ ಈ ದಂಡೆಯ ಹೊಸಪೇಟೆ ಸ್ವತಂತ್ರ, ಆ ದಂಡೆಯ ಮುನಿರಾಬಾದ್ ಇನ್ನೂ ನಿಜಾಮರದ್ದು! ಬಳ್ಳಾರಿ ಮೈಸೂರು ರಾಜ್ಯ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಉಳಿದೆರಡು ಬಂದು ಸೇರಿದ್ದು 1956ರ ನವೆಂಬರ್ 1ಕ್ಕೆ.

ಈಗ ಹೈದರಾಬಾದ್ ಕರ್ನಾಟಕ ಭಾಗಕ್ಕೆಂದು ಸಂವಿಧಾನದಲ್ಲಿ ಸೇರಿಸಿದ 371(ಜೆ) ವಿಧಿಯ ವಿಶೇಷ ಸೌಲಭ್ಯ ಬಳ್ಳಾರಿಗೂ ಇದೆ. ಗೊಂದಲ ಹುಟ್ಟಿದ್ದು ಬಹುಶಃ ಅಲ್ಲಿಂದಲೇ.