ಬಾಳೆಹಣ್ಣು ತಿಂದು ಬರಬೇಡಿ

ಜೇನು ಸಾಕಣೆಯ ಬೇಸಿಗೆ ತರಬೇತಿಗೆ ಬರುವವರೆಲ್ಲ ಮನಸ್ಸಿನಲ್ಲೇ ಬಾಟಲಿಗೆ ತುಪ್ಪ ತುಂಬಿ, ಲೇಬಲ್ಲನ್ನೂ ಅಂಟಿಸಿಕೊಂಡು ಬಂದಿರುತ್ತಾರೆ. ಮೊದಲ ಪಾಠ ಮಾತ್ರ ತುಪ್ಪದ್ದೂ ಅಲ್ಲ, ಹುಳದ್ದೂ ಅಲ್ಲ. ನಮ್ಮ ಪ್ಯಾಂಟಿನದು. ಅದರ ತುದಿಯನ್ನು ಕಾಲುಚೀಲದೊಳಗೆ ತುರುಕಬೇಕು. ಕತ್ತಲೆ ಕಂಡರೆ ಜೇನುಹುಳಕ್ಕೆ ಮೇಲಕ್ಕೆ ಹತ್ತುವ ಚಟ. ಹತ್ತಿ ಎಲ್ಲಿಗೆ ತಲುಪುತ್ತದೆ ಅಂತ ಮೇಷ್ಟ್ರು ವಿವರಿಸಲಿಲ್ಲ, ನಾವೂ ಕೇಳಲಿಲ್ಲ. ಎಲ್ಲರೂ ಬಗ್ಗಿ ಕಾಲುಚೀಲ ಎಳೆದುಕೊಂಡೆವು.

ಆಮೇಲೆ ವಾಸನೆಯ ವಿಚಾರ. ನಮ್ಮ ಜೊತೆಗಿದ್ದವರೊಬ್ಬರು ಪೆಟ್ಟಿಗೆಗಳ ಪಕ್ಕದಲ್ಲೇ ಆರಾಮಾಗಿ ಬಾಳೆಹಣ್ಣು ಸುಲಿಯತೊಡಗಿದರು. ಮೇಷ್ಟ್ರು ಓಡಿಬಂದರು. ಜೇನು ಕುಟುಕಿದಾಗ ಹೊರಬೀಳುವ ಅಪಾಯದ ವಾಸನೆಯಲ್ಲಿ ಐಸೋಅಮೈಲ್ ಅಸಿಟೇಟ್ ಇರುತ್ತದಂತೆ. ಮಾಗಿದ ಬಾಳೆಹಣ್ಣಿನ ಘಮದಲ್ಲೂ ಅದೇ. "ನಿಮಗದು ತಿಂಡಿ ಸ್ವಾಮಿ, ಅವಕ್ಕೆ 'ಕಳ್ಳ ಬಂದ, ಎಲ್ಲಾ ಬನ್ರೋ' ಅಂತ ಕೂಗಿದ ಹಾಗೆ!"

ಇನ್ನು ಹೊಗೆಡಬ್ಬಿ. ಇಡೀ ತರಬೇತಿಯಲ್ಲಿ ನಮ್ಮನ್ನು ಸತಾಯಿಸಿದ್ದು ಹುಳ ಅಲ್ಲ, ಇದು. ನೋಡೋಕೆ ಸಾಧು. ಒಂದು ತಗಡಿನ ಡಬ್ಬಿ, ವಾಲಿದ ಮೂತಿ, ಬೆನ್ನಿಗೊಂದು ತಿದಿ. ಒಳಗೆ ಒಣಎಲೆ, ಗೋಣಿಚೂರು. ಹೊಗೆ ಆ ಅಪಾಯದ ವಾಸನೆಯನ್ನು ಮುಚ್ಚಿಹಾಕುತ್ತದೆ. ಜೊತೆಗೆ, ಹೊಗೆ ಬಡಿದರೆ ಹುಳಗಳು ಗಬಗಬ ತುಪ್ಪ ಕುಡಿಯುತ್ತವೆ. ಹೊಟ್ಟೆ ತುಂಬಿದವರಿಗೆ ಜಗಳದ ಹುಮ್ಮಸ್ಸು ಕಡಿಮೆ. (ಮೀಟಿಂಗ್‌ಗೆ ಮುಂಚೆ ಊಟ ಹಾಕಬೇಕು ಅಂತ ನಾನು ಸುಮ್ನೆ ಹೇಳ್ತಿರಲಿಲ್ಲ.) ಆದರೆ ಡಬ್ಬಿಗೂ ಒಂದು ಸ್ವಭಾವ ಇದೆ. ಪೆಟ್ಟಿಗೆ ಹತ್ತಿರ ಹೋಗುವವರೆಗೆ ಭರ್ಜರಿ ಹೊಗೆ. ಮುಚ್ಚಳ ಎತ್ತಿದ ಕೂಡಲೇ ಉಸಿರು ಬಂದ್. ತಿದಿ ಒತ್ತಿದರೆ ಪುಸ್ ಪುಸ್ ಅಂತ ಬರೀ ಗಾಳಿ. ಸಾವಿರಾರು ಹುಳ ತಲೆಯೆತ್ತಿ ನೋಡುತ್ತಿವೆ, ನಾವು ಬೆಂಕಿಪೊಟ್ಟಣಕ್ಕಾಗಿ ಮೈಮುಚ್ಚುವ ಜೇನು ಸೂಟಿನ ಒಳಗಿನ ಜೇಬು ತಡಕುತ್ತಿದ್ದೇವೆ. ಕೆಲಸ ಮುಗಿಸಿ ಕಾರಿನ ಡಿಕ್ಕಿಗೆ ಹಾಕಿದರೆ ಮಾತ್ರ ಅದು ತಾನಾಗೇ ಚೆನ್ನಾಗಿ ಹೊತ್ತಿಕೊಳ್ಳುತ್ತದೆ.

ಹುಳಗಳು ಎರಿ, ಅಂದರೆ ಮೇಣದ ಹಲ್ಲೆ, ಕಟ್ಟಲಿ ಅಂತ ಪೆಟ್ಟಿಗೆಯೊಳಗೆ ಇಳಿಬಿಡುವ ಚೌಕಟ್ಟುಗಳ ಪಾಠ ಸುಲಭ ಅನ್ನಿಸಿತ್ತು. 1851ರಲ್ಲಿ ಲ್ಯಾಂಗ್‌ಸ್ಟ್ರಾತ್ ಅನ್ನುವವರು ಒಂದು ಗುಟ್ಟು ಹಿಡಿದರು. ಪೆಟ್ಟಿಗೆಯೊಳಗೆ ಸುಮಾರು 6ರಿಂದ 9 ಮಿಲಿಮೀಟರ್ ಸಂದು ಬಿಟ್ಟರೆ ಹುಳಗಳು ಅದನ್ನು ಓಡಾಡೋಕೆ ಖಾಲಿ ಇಟ್ಟುಕೊಳ್ಳುತ್ತವೆ. ಕಿರಿದಾದರೆ ಅಂಟಿನಿಂದ ಮುಚ್ಚುತ್ತವೆ, ಅಗಲವಾದರೆ ಎರಿ ಕಟ್ಟುತ್ತವೆ. ಈ ಲೆಕ್ಕದಿಂದಲೇ ಚೌಕಟ್ಟನ್ನು ಎತ್ತಿ ನೋಡುವ ಪೆಟ್ಟಿಗೆ ಬಂತು. ಆದರೂ ನಮ್ಮ ಪೆಟ್ಟಿಗೆಯ ಚೌಕಟ್ಟು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮೀಟಿ ಮೀಟಿ ಎಬ್ಬಿಸುವಾಗ ಅಂಟು 'ಟಕ್' ಅಂತು. ಹಿಂದಿನ ಸಾಲು ಪೂರ್ತಿ ಖಾಲಿ.

ರಾಣಿಯನ್ನು ಹುಡುಕುವಾಗ ಇನ್ನೊಂದು ತಮಾಷೆ. ಮೇಷ್ಟ್ರು "ಅಲ್ನೋಡಿ" ಅಂದರು. ಎಲ್ಲರೂ "ಹೂಂ ಹೂಂ, ಕಾಣಿಸ್ತು" ಅಂತ ತಲೆಯಾಡಿಸಿದರು. ನೋಡಿದ ದಿಕ್ಕು ಮಾತ್ರ ಒಬ್ಬೊಬ್ಬರದು ಒಂದೊಂದು.

ರಾಣಿ ಸುಲಭವಾಗಿ ಕಣ್ಣಿಗೆ ಬೀಳಲಿ ಅಂತ ಅದಕ್ಕೆ ಬಣ್ಣದ ಚುಕ್ಕೆ ಇಡುತ್ತಾರೆ. ಅದಕ್ಕೆ ಮುಂಚೆ ಗಂಡುಹುಳದ ಮೇಲೆ ಕೈ ಪಳಗಿಸಬೇಕು. ಅದಕ್ಕೆ ಮುಳ್ಳೇ ಇಲ್ಲ. ಧೈರ್ಯ ಬಂತು ನೋಡಿ, ನಮ್ಮ ಬಾಳೆಹಣ್ಣಿನ ಮಹಾಶಯರು ಕೈಗವಸು ಕಿತ್ತೆಸೆದು ಒಂದನ್ನು ಹಿಡಿದೇ ಬಿಟ್ಟರು.

"ಅದು ಕೆಲಸಗಾರ ಹುಳ ಕಣ್ರೀ!" ಅಂದರು ಮೇಷ್ಟ್ರು. ಅಷ್ಟರಲ್ಲಿ ತಡವಾಗಿತ್ತು.

ಚುಚ್ಚಿದ ಮುಳ್ಳನ್ನು ತಡ ಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು ಅನ್ನೋದನ್ನು ನಾವೆಲ್ಲ ಸುತ್ತ ನಿಂತು ಅಲ್ಲೇ ಕಲಿತೆವು. ವೇಳಾಪಟ್ಟಿಯ ಪ್ರಕಾರ ಆ ಪಾಠ ಮರುದಿನಕ್ಕಿತ್ತು.